ನಕ್ಷೆಯಲ್ಲಿ ನಿಂತ ಶಾಲಾ ವ್ಯಾನು

ಗಾಡಿ ಓಡಿಸುವಾಗ ಮೊಬೈಲ್ ಮುಟ್ಟುವುದಿಲ್ಲವೆಂದು ಶಾಲಾ ವ್ಯಾನಿನ ಬೋರಣ್ಣ ಇಟ್ಟಮಡುವಿನ ತಾಯಂದಿರಿಗೆ ಹನ್ನೆರಡು ವರ್ಷದ ಹಿಂದೆ ಮಾತು ಕೊಟ್ಟಿದ್ದ. ಈಗ ಅದೇ ಅವನ ಕೆಲಸಕ್ಕೆ ಕುತ್ತಾಗಿತ್ತು. ವ್ಯಾನು ಎಲ್ಲಿದೆಯೆಂದು ಚಾಲಕನ ಫೋನಿನಿಂದಲೇ ತಿಳಿದು ಪೋಷಕರಿಗೆ ತೋರಿಸುವ ಹೊಸ ಆ್ಯಪಿನಲ್ಲಿ ಅವನ ವ್ಯಾನು ದಿನವೂ ಶಾಲೆಯ ಗೇಟಿನಲ್ಲೇ ಬೇರುಬಿಟ್ಟು ನಿಂತಿರುತ್ತಿತ್ತು.

"ಫೋನ್ ಆಫ್ ಮಾಡ್ತಾನೆ ಕಳ್ಳ. ಅವನನ್ನ ತೆಗೀರಿ ಅಂತ ಸ್ಕೂಲಿಗೆ ಮೇಲ್ ಹಾಕಮ್ಮ" ಎಂದ, ಆ್ಯಪ್ ತಂಡದ ಮುಖ್ಯಸ್ಥ ಶ್ರೀಕರ್. ಜಯನಗರದ ಆಫೀಸಿನ ಕುರ್ಚಿಯಿಂದ ಏಳದೆ, ನಕಲಿ ಲೊಕೇಶನ್ ಕೊಟ್ಟೇ ಇಡೀ ಆ್ಯಪನ್ನು ಪರೀಕ್ಷಿಸಿ, 'ಸಖತ್' ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ ಮಹಾಶಯ.

ಅವನ ಕೈಕೆಳಗಿನ ಸುರಭಿಗೆ ಈ ಪಾಂಡಿತ್ಯ ಸಾಕಾಗಿತ್ತು. ಮೇಲ್ ಹಾಕದೆ, ಮರುದಿನ ತಾನೇ ವ್ಯಾನು ಹತ್ತಿದಳು. ಬೋರಣ್ಣ ಫೋನಿನ ಪರದೆ ಆರಿಸಿ ಜೇಬಿಗೆ ಹಾಕಿಕೊಂಡ. ವ್ಯಾನು ಗೇಟು ದಾಟಿ ಹೊರಟರೂ ಅವಳ ಫೋನಿನ ನಕ್ಷೆಯಲ್ಲಿ ಅದು ಅಲ್ಲೇ ನಿಂತಿತ್ತು. ಪರದೆ ಆರಿದಾಗಲೂ ಲೊಕೇಶನ್ ಕಳಿಸುವ ಅನುಮತಿಯನ್ನು ಆ್ಯಪ್ ಕೇಳಿಯೇ ಇರಲಿಲ್ಲ.

"ಸ್ಕ್ರೀನ್ ಆರದಂಗೆ ಆಗಾಗ ಮುಟ್ತಿರು ಅಂತಾರಕ್ಕ ನಿಮ್ ಸಾಹೇಬ್ರು. ಮಕ್ಳನ್ನ ನೋಡ್ಲಾ, ಫೋನ್ ನೋಡ್ಲಾ?"

"ಬಿಡಿ ಅಣ್ಣ, ಅವ್ರಿಗೆ ರಸ್ತೆ ಅಂದ್ರೆ ಮ್ಯಾಪಿನ ನೀಲಿ ಗೆರೆ ಅಷ್ಟೆ."

ಅಂದೇ ಸುರಭಿ ಆ ಅನುಮತಿ ಸೇರಿಸಿ, ತಪ್ಪು ಆ್ಯಪಿನದೆಂದು ಶಾಲೆಗೆ ಬರೆದಳು. ಬೋರಣ್ಣನ ಕೆಲಸ ಉಳಿಯಿತು. ಅವನು ಮಾತು ತಪ್ಪಲಿಲ್ಲ.