ಕಚ್ಚದ ಕಲ್ಲುಗಳು

ನನ್ನ ಬಟ್ಟೆ ಅಂಗಡಿ, ದೊಡ್ಡಪ್ಪನ ಮಗನ ಗಡಿಯಾರದ ಅಂಗಡಿ ಎರಡೂ ಒಂದೇ ಕಲ್ಲುಕಟ್ಟಡದಲ್ಲಿವೆ. ಕಟ್ಟಿಸಿದವರು ನನ್ನ ತಾತ ಮತ್ತು ಅವರ ಅಣ್ಣ, ಅಂದರೆ ಅವನ ತಾತ. ಮೊನ್ನೆ ಹಳೇ ಬೋರ್ಡು ಇಳಿಸಿದಾಗ ಎರಡು ಬಾಗಿಲುಗಳ ನಡುವೆ, ಸೂರಿನಿಂದ ನೆಲದವರೆಗೆ, ಬಿರುಕು ಕಂಡಿತು. ಗಡಿಯಾರ ನೇತುಹಾಕಲು ಮೊಳೆ ಹೊಡೆದೂ ಹೊಡೆದೂ ಗೋಡೆ ಸೀಳಿದ್ದು ಅಣ್ಣನೇ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಾಡಿದೆ.

ವಾರದ ಮೇಲೆ ಕಲ್ಲುಕುಟಿಗ ಬಂದ. ಏಣಿ ಹತ್ತಿ, ಗೆರೆಯುದ್ದಕ್ಕೂ ಬೆರಳಾಡಿಸಿ ನಗತೊಡಗಿದ.

"ಇದು ಬಿರುಕಲ್ಲ ಸ್ವಾಮಿ. ಬಿರುಕು ಅಂಕುಡೊಂಕಾಗಿರತ್ತೆ, ಇದು ದಾರ ಹಿಡಿದ ಹಾಗಿದೆ. ಒಂದೇ ಗೋಡೆ ಆಗಿದ್ರೆ ಈ ಕಡೆ ಕಲ್ಲು ಆ ಕಡೆ ಕಲ್ಲನ್ನ ಕಚ್ಕೊಂಡಿರ್ಬೇಕಿತ್ತು. ಇಲ್ಲಿ ಒಂದೂ ಕಚ್ಚಿಲ್ಲ. ನಮ್ಮಪ್ಪ ಹೇಳ್ತಿದ್ದ ಹಾಗೆ ನಿಮ್ಮ ತಾತಂದಿರು ಮಾತು ಬಿಟ್ಟು ಬೇರೆಬೇರೆ ಕಟ್ಟಿಸಿದ್ದಾರೆ, ಅಷ್ಟೇ."

"ಬೀಳಲ್ವಾ?"

"ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬೀಳಲ್ಲ."

ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ನಾಚಿಕೆಯೂ ಬಂತು. ನೇರ ಅಣ್ಣನ ಅಂಗಡಿಗೆ ಹೋದೆ.

"ಅಣ್ಣಾ, ತಪ್ಪಾಯ್ತು. ಅದು ತಾತಂದಿರ ಜಗಳ ಅಂತೆ. ಸಿಮೆಂಟ್ ತುಂಬಿಸಿ ಮುಚ್ಚಿಬಿಡೋಣ್ವಾ?"

ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದ.

"ಮುಚ್ಚೋದಾದ್ರೆ ಮೊದಲು ನಿನ್ನ ಬಾಯಿ ಮುಚ್ಕೋ." ಆಮೇಲೆ ನನ್ನನ್ನು ಹೊರಗೆ ಕರೆತಂದು ಗೋಡೆ ತೋರಿಸಿದ. "ಸರಿಯಾಗಿ ನೋಡು. ಮಾತು ಬಿಟ್ಟಿದ್ರೂ ಆ ಕಡೆ ಈ ಕಡೆ ಕಲ್ಲಿನ ಒಂದೊಂದು ಸಾಲೂ ಸಮ ಇದೆ. ಕದ್ದು ಕದ್ದು ಒಬ್ಬರನ್ನೊಬ್ಬರು ನೋಡ್ಕೊಂಡೇ ಕಟ್ಟಿಸಿದ್ದಾರೆ ಕಣೋ."