ಅತ್ತೆಯ ಬೆಚ್ಚನೆ ಗೋಡೆ

ಚಳಿ ಶುರುವಾಯ್ತೂಂದ್ರೆ ನಮ್ಮನೇಲಿ ಬಟ್ಟೆ ಒಣಗೋದೇ ಇಲ್ಲ. ಪಾಪು ಹುಟ್ಟಿದ ಮೇಲಂತೂ ಕುರ್ಚಿ, ಕಿಟಕಿ, ಬಾಗಿಲು, ಎಲ್ಲಿ ನೋಡಿದ್ರೂ ಒದ್ದೆ ಬಟ್ಟೆ. ಕೊನೆಗೆ ನಮ್ಮವರು ಬಟ್ಟೆ ಒಣಗಿಸೋ ಮಷಿನ್ ತಂದರು.

ನಮ್ಮವರದು ಬ್ರೆಡ್ ಮಾಡೋ ಕೆಲಸ. ಮನೆಯಲ್ಲೇ ದೊಡ್ಡ ಕರೆಂಟ್ ಓವನ್ ಇದೆ, ಅದಕ್ಕಂತಲೇ ಒಂದು ದಪ್ಪ ಲೈನು. "ಇದರಿಂದಲೇ ಮಷಿನಿಗೂ ಎಳೆದರಾಯ್ತು, ಇನ್ನೊಂದು ಯಾಕೆ?" ಅಂದರು. ಎಳೆದೂ ಬಿಟ್ಟರು. ಎರಡೂ ಒಟ್ಟಿಗೆ ಓಡಿದಾಗೆಲ್ಲ ಬೋರ್ಡಿನ ಎಂ.ಸಿ.ಬಿ. ಸ್ವಿಚ್ಚು ಟಪ್ ಅಂತ ಬಿದ್ದು ಕರೆಂಟ್ ನಿಲ್ಲೋದು. ಅದಕ್ಕೂ ನಮ್ಮ ಬುದ್ಧಿವಂತರು ದಾರಿ ಹುಡುಕಿದರು. ಅದನ್ನ ಕಿತ್ತು, ಇನ್ನೂ ದೊಡ್ಡದು ಕೂರಿಸಿದರು. ಆಮೇಲೆ ಒಂದು ಸಲಾನೂ ಬೀಳಲಿಲ್ಲ.

ಆ ಮಧ್ಯಾಹ್ನಗಳ ಸುಖ ಏನಂತ ಹೇಳಲಿ. ಮನೆ ತುಂಬ ಬ್ರೆಡ್ಡಿನ ಘಮ. ಮಷಿನ್ನು ಜೋಗುಳ ಹಾಡಿದ ಹಾಗೆ ಗುಂಯ್ ಅಂತಿರೋದು. ಕಿಟಕಿ ಗಾಜಿಗೆ ಹಬೆ ಕೂತು, ಹೊರಗಿನ ಬೀದಿಯೆಲ್ಲ ಮಸುಕು ಮಸುಕು. ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಪಾಪೂನ ಪಕ್ಕದಲ್ಲಿ ಮಲಗಿಸ್ಕೊಂಡು ಕಣ್ಣು ಮುಚ್ಚೋರು.

"ಗೋಡೆ ಎಷ್ಟು ಬೆಚ್ಚಗಿದೆ ನೋಡೇ. ನನ್ನ ಸೊಂಟನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ" ಅನ್ನೋರು. ಅವರ ಪಕ್ಕ ಕೂತರೆ ನನಗೂ ತೂಕಡಿಕೆ.

ಒಂದಿನ ವಯರಿಂಗ್ ಅಕ್ಕ ಬ್ರೆಡ್ ತಗೊಳ್ಳೋಕೆ ಬಂದರು. ಪಕ್ಕದ ಬೀದಿಯವರು, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್. "ಬಾರಮ್ಮ, ನೀನೂ ಸ್ವಲ್ಪ ಒರಗು" ಅಂತ ಅತ್ತೆ ಕರೆದರು. ಅಕ್ಕ ನಗ್ತಾ ಗೋಡೆಗೆ ಅಂಗೈ ಇಟ್ಟರು. ನಗು ಅಲ್ಲೇ ನಿಂತುಹೋಯ್ತು.

"ಓವನ್ ಆ ಕಡೆ ಇದೆ, ಈ ಗೋಡೆ ಯಾಕೆ ಬಿಸಿ? ಅಮ್ಮ, ಮಗೂನ ಎತ್ಕೊಂಡು ಈ ಕಡೆ ಬನ್ನಿ."

"ಚಳೀಲಿ ಬಿಸಿಯಿದ್ರೆ ಒಳ್ಳೇದೇ ಅಲ್ವಾ? ಎರಡು ಮಷಿನ್ನೂ ಒಂದೇ ಲೈನಿನಲ್ಲಿವೆ, ದೊಡ್ಡ ಸ್ವಿಚ್ಚು ಹಾಕಿದ ಮೇಲೆ ಅದೂ ಬೀಳ್ತಿಲ್ಲ" ಅಂದರು ನಮ್ಮವರು.

"ಬೀಳೋದೇ ಅದರ ಕೆಲಸ ಅಣ್ಣ. ಇಷ್ಟು ಭಾರ ಈ ವಯರು ಹೊರಲ್ಲ ಅಂತ ಅದು ಹೇಳ್ತಿತ್ತು, ನೀವು ಅದರ ಬಾಯಿ ಮುಚ್ಚಿಸಿದ್ರಿ. ಸ್ವಿಚ್ಚು ದೊಡ್ಡದಾಯ್ತು, ವಯರು ಅಷ್ಟೇ ಇದೆ. ಅದು ಈ ಗೋಡೆಯೊಳಗೇ ಸುಡ್ತಿದೆ."

ಮೇನ್ ಆಫ್ ಮಾಡಿ, ಗೋಡೆಯಲ್ಲಿದ್ದ ವಯರಿನ ಡಬ್ಬಿ ಬಿಚ್ಚಿದರು. ವಯರಿನ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿ ಉದುರಿತು. ಬ್ರೆಡ್ಡಿನ ಘಮದಲ್ಲಿ ಆ ಸುಟ್ಟ ವಾಸನೆ ನಮಗೆ ಗೊತ್ತೇ ಆಗಿರಲಿಲ್ಲ. ಪಾಪು ತಲೆ ಇಡೋ ಜಾಗದಿಂದ ಒಂದು ಗೇಣು ಮೇಲಿತ್ತು ಆ ಡಬ್ಬಿ. ನಮ್ಮವರು ಪಾಪೂನ ಎತ್ಕೊಂಡವರು, ಬೆಳಕು ಹೋಗೋವರೆಗೂ ಕೆಳಗಿಳಿಸಲಿಲ್ಲ.

ಈಗ ಮಷಿನಿಗೆ ಬೇರೆ ಲೈನು, ಬೇರೆ ಸ್ವಿಚ್ಚು. ಓವನ್ನಿಗೂ ಹೊಸ ವಯರು, ಅದಕ್ಕೆ ತಕ್ಕ ಅಳತೆಯ ಸ್ವಿಚ್ಚು. ಎಲ್ಲ ಅಕ್ಕನೇ ಮಾಡಿಕೊಟ್ಟರು. "ನನ್ನ ಗೋಡೆ ಕೆಡಿಸಿದ್ರಿ" ಅಂತ ಅತ್ತೆ ಇವತ್ತಿಗೂ ಗೊಣಗ್ತಾರೆ. ನಮ್ಮವರು ಬಿಸಿನೀರಿನ ಚೀಲ ತಂದು ಅವರ ಬೆನ್ನ ಹಿಂದೆ ಇಡ್ತಾರೆ. ಪಾಪು ಪಕ್ಕದಲ್ಲೇ ನಿದ್ದೆ ಹೋಗುತ್ತೆ.

ಅಕ್ಕಂದಿರೇ, ಅಣ್ಣಂದಿರೇ, ಒಂದೇ ಲೈನಿಗೆ ಎರಡು ದೊಡ್ಡ ಮಷಿನ್ ಕಟ್ಟಬೇಡಿ. ಸ್ವಿಚ್ಚು ಪದೇ ಪದೇ ಬಿದ್ದರೆ ದೊಡ್ಡದು ಹಾಕಬೇಡಿ, ಲೈಸೆನ್ಸ್ ಇರೋರನ್ನ ಕರೆಸಿ. ಈ ಹಾಳೆ ಕೆಳಗಿಟ್ಟ ಮೇಲೆ, ನಿಮ್ಮ ಮಗು ಮಲಗೋ ಕಡೆಯ ಗೋಡೆಗೆ ಒಮ್ಮೆ ಅಂಗೈ ಇಟ್ಟು ನೋಡಿ. ತಣ್ಣಗಿರಬೇಕು.