ಹಾಲುಗಟ್ಟಿದ ನಾಲ್ಕು ಗಾಜು

ಕತ್ರಿಗುಪ್ಪೆಯ ಆ ಪುಟ್ಟ ವರ್ಕ್‌ಶಾಪಿನಲ್ಲಿ ಶಾಂತಲಾಳದು ಗಾಜಿಗೆ ಕರೆಂಟು ಹರಿಯುವಂಥ ಲೇಪ ಹೊಡೆಯುವ ಕೆಲಸ. ಕೆಂಡದಂತೆ ಕಾದ ಹಾಟ್‌ಪ್ಲೇಟಿನ ಮೇಲಿನ ಗಾಜಿಗೆ ತವರದ ದ್ರಾವಣವನ್ನು ಸ್ಪ್ರೇ ಗನ್ನಿನಿಂದ ಹೊಡೆದರೆ, ಅದು ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಆಕ್ಸೈಡಾಗಿ ಕೂರುತ್ತದೆ. ಐದು ಎಣಿಸುವಷ್ಟು ಹೊತ್ತು ಹೊಡೆಯಬೇಕು, ಮೂವತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ಗಾಜು ಮತ್ತೆ ಕಾಯುವ ಮೊದಲೇ ಕೈಯಾಡಿಸಿದರೆ ಕೆಟ್ಟಿತು.

ಇವತ್ತು ಅವಳು ಮೂವತ್ತರ ಬದಲು ಹತ್ತಕ್ಕೇ ಎಣಿಕೆ ನಿಲ್ಲಿಸಿದ್ದಳು. ನಾಲ್ಕು ಗಂಟೆಗೆ ಪದ್ಮನಾಭನಗರದಲ್ಲಿ ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗು. ಹಿಂದಿನ ಎರಡಕ್ಕೂ ಹೋಗಿರಲಿಲ್ಲ. "ಈ ಸಲ ಬರ್ದಿದ್ರೆ ನಿನ್ನ ಜೊತೆ ಮಾತೇ ಆಡಲ್ಲ" ಎಂದು ಸುರಭಿ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಲೇ ಹೇಳಿದ್ದಳು.

ಮೂರು ಗಂಟೆಗೆ ಹಿರಿಯ ಕೆಲಸಗಾರ ವಿಜಯಕುಮಾರ್ ಗಾಜುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಏನಮ್ಮ ಶಾಂತಲಾ, ಗಾಜಿಗೆ ಹಾಲು ಕುಡಿಸಿದ್ದೀಯಾ?"

ನಾಲ್ಕೂ ಮಬ್ಬು. ಕರೆಂಟಿನ ತಡೆ ಹದಿನೈದು ಓಮ್ ಎಂದು ತೋರಿಸಬೇಕಾದ ಮೀಟರು ಇನ್ನೂರು ದಾಟಿತು. ಸಂಜೆ ಆರಕ್ಕೆ ಕಾಲೇಜಿನವರು ಬಂದು ಪ್ರಯೋಗದ ಎಲೆಕ್ಟ್ರೋಡಿಗೆಂದು ಒಯ್ಯುವ ಮಾಲು.

"ವಿಜಯಣ್ಣ, ನೀವು ಹೊಡೀತೀರಾ? ನಾನು ಹೋಗ್ಲೇಬೇಕು."

"ಇದೇ ಆರ್ಡರಿಗೆ ನಿನ್ನೆ ಹೊಡೆದ ಎಂಟು ನಿನ್ನ ಕೈಯ್ದು. ನಂದು ದಪ್ಪ ಕೈ ಕಣಮ್ಮ. ಎಂಟು ಒಂಥರಾ, ನಾಲ್ಕು ಒಂಥರಾ ಆಗೋಗುತ್ತೆ."

ಒಂದು ಬ್ಯಾಚಿಗೆ ಒಂದೇ ಕೈ ಎಂದು ಹೊಸಬರಿಗೆ ಹೇಳಿಕೊಡುವವಳೇ ಅವಳು. ಕೆಟ್ಟವನ್ನು ಪೆಟ್ಟಿಗೆಯ ತಳಕ್ಕೆ ತುರುಕಿಬಿಡೋಣವೇ ಎಂಬ ಯೋಚನೆಯೂ ಸುಳಿಯಿತು. ಹಾಗೆ ಮಾಡಿ ಆಮೇಲೆ ದಿನಾ ಹೆದರುತ್ತ ಕೂರುವುದಕ್ಕೂ ತ್ರಾಣ ಬೇಕು. ಹೊಸ ನಾಲ್ಕು ಗಾಜು ತೊಳೆದು ಒಣಗಿಸುವಷ್ಟರಲ್ಲಿ ನಾಲ್ಕಾಗುತ್ತ ಬಂದಿತ್ತು. ಅವನ್ನು ಆರಿದ ಪ್ಲೇಟಿನ ಮೇಲಿಟ್ಟು ಸ್ವಿಚ್ ಹಾಕಿದಳು. ನಾಲ್ಕಕ್ಕೆ ಕ್ಲಾಸ್ ಟೀಚರ್ ಶಿಲ್ಪಶ್ರೀಗೆ ಫೋನ್ ಮಾಡಿ, ಮಗಳ ಕೈಗೆ ಕೊಡಿಸಿದಳು.

"ಅಮ್ಮಾ, ಎಲ್ಲಿದ್ದೀಯ?"

"ವರ್ಕ್‌ಶಾಪಲ್ಲೇ ಪುಟ್ಟ. ಬೇಗ ಬರಣ ಅಂತ ಅವಸರ ಮಾಡ್ದೆ, ಮಾಡಿದ್ದೆಲ್ಲ ಕೆಡಿಸ್ಕೊಂಡೆ. ತಪ್ಪು ನಂದೇ."

"ನಾನು ಅವಸರದಲ್ಲಿ ಬರೆದು ತಪ್ಪು ಮಾಡಿದ್ರೆ ಬೈತೀಯಲ್ಲ?"

"ನೀನೂ ಬೈ."

"ಮನೆಗೆ ಬಾ, ಬೈತೀನಿ," ಎಂದ ಸುರಭಿ ಫೋನನ್ನು ಟೀಚರ್ ಕೈಗಿಟ್ಟಳು.

"ಪರವಾಗಿಲ್ಲ, ಫೋನಲ್ಲೇ ಹೇಳ್ತೀನಿ," ಎಂದರು ಶಿಲ್ಪಶ್ರೀ. "ಎಷ್ಟು ಹೊತ್ತು ಫ್ರೀ ಇದ್ದೀರಾ?"

ಪ್ಲೇಟು ಇನ್ನೂ ನೂರು ಡಿಗ್ರಿಯಲ್ಲಿತ್ತು, ನಾನೂರೈವತ್ತು ಮುಟ್ಟಬೇಕು.

"ಇದು ಕಾಯೋವರೆಗೂ ಇದ್ದೀನಿ ಮೇಡಂ. ಒಂದಿಪ್ಪತ್ತು ನಿಮಿಷ."

ಶಾಂತಲಾ ಸ್ಟೂಲು ಎಳೆದುಕೊಂಡಳು. ಬೆಳಿಗ್ಗೆಯಿಂದ ಕೂತದ್ದು ಆಗಲೇ.

"ಇಂಗ್ಲಿಷಿಂದ ಶುರು ಮಾಡಿ. ಅದ್ರಲ್ಲೇ ತಾನೇ ಕಮ್ಮಿ ಬಂದಿರೋದು?"